ಜೇನ್ ಆಸ್ಟಿನ್: ಕೊಂಕು, ಜಾಣತನ ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಜೇನ್ ಆಸ್ಟಿನ್ ಯಾರು? ಚುಟುಕಾಗಿ ಹೇಳಿ.

1775ರ ಡಿಸೆಂಬರ್ 16ರಂದು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಸ್ಟೀವೆಂಟನ್ ಎಂಬ ಹಳ್ಳಿಯಲ್ಲಿ ಹುಟ್ಟಿದವಳು. ತಂದೆ ಆ ಊರಿನ ಪಾದ್ರಿ. ಎಂಟು ಮಕ್ಕಳಲ್ಲಿ ಏಳನೆಯವಳು. ಅಕ್ಕ ಕಸಾಂಡ್ರಾ ಒಬ್ಬಳನ್ನು ಬಿಟ್ಟರೆ ಉಳಿದವರೆಲ್ಲ ಗಂಡುಮಕ್ಕಳು. ಮದುವೆಯಾಗಲಿಲ್ಲ. 1817ರ ಜುಲೈ 18ರಂದು ವಿಂಚೆಸ್ಟರ್‌ನಲ್ಲಿ ತೀರಿಕೊಂಡಾಗ 41 ವರ್ಷ.

ಪೂರ್ತಿ ಮಾಡಿದ ಕಾದಂಬರಿಗಳು ಆರು. 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' 1811ರಲ್ಲಿ, 'ಪ್ರೈಡ್ ಅಂಡ್ ಪ್ರೆಜುಡಿಸ್' 1813ರಲ್ಲಿ, 'ಮ್ಯಾನ್ಸ್‌ಫೀಲ್ಡ್ ಪಾರ್ಕ್' 1814ರಲ್ಲಿ, 'ಎಮ್ಮಾ' 1815ರ ಕೊನೆಗೆ ಬಂದವು. 'ನಾರ್ಥಾಂಗರ್ ಅಬಿ' ಮತ್ತು 'ಪರ್ಸ್ವೇಶನ್' ಆಕೆ ಸತ್ತ ಮೇಲೆ ಜೊತೆಯಾಗಿ ಅಚ್ಚಾದವು. ಬದುಕಿದ್ದಾಗ ಯಾವ ಪುಸ್ತಕದ ಮೇಲೂ ಹೆಸರಿರಲಿಲ್ಲ; ಮೊದಲನೆಯದರ ಮೇಲೆ 'ಒಬ್ಬ ಮಹಿಳೆ ಬರೆದದ್ದು' ಎಂದಷ್ಟೇ ಇತ್ತು. ಅಣ್ಣ ಹೆನ್ರಿ ಕೊನೆಯ ಎರಡು ಕಾದಂಬರಿಗಳಿಗೆ ಬರೆದ ಪರಿಚಯದಲ್ಲಿ ಹೆಸರು ಹೊರಬಂತು. ವಿಂಚೆಸ್ಟರ್ ಕೆಥೀಡ್ರಲ್‌ನಲ್ಲಿರುವ ಸಮಾಧಿಕಲ್ಲಿನ ಮೇಲೆ ಸದ್ಗುಣಗಳ ಉದ್ದನೆಯ ಪಟ್ಟಿ ಇದೆ, ಕಾದಂಬರಿಗಳ ಸುದ್ದಿಯೇ ಇಲ್ಲ.

ಇಂಗ್ಲಿಷಿನ ಮೊದಲ ಕಾದಂಬರಿಗಾರ್ತಿ ಈಕೆಯೇ?

ಅಲ್ಲ. ಆಫ್ರಾ ಬೆನ್ 'ಒರೂನೋಕೊ' ಪ್ರಕಟಿಸಿದ್ದು 1688ರಲ್ಲಿ. ಫ್ಯಾನಿ ಬರ್ನಿಯ 'ಎವೆಲಿನಾ' 1778ರದು. ಆನ್ ರ್‍ಯಾಡ್‌ಕ್ಲಿಫ್, ಮರಿಯಾ ಎಜ್‌ವರ್ತ್ ಕೂಡ ಮುಂಚಿನವರೇ. ಬರ್ನಿಯ 'ಕಮಿಲಾ' 1796ರಲ್ಲಿ ಬಂದಾಗ ಮುಂಗಡ ಚಂದಾದಾರರ ಪಟ್ಟಿಯಲ್ಲಿ 'ಮಿಸ್ ಜೆ. ಆಸ್ಟಿನ್, ಸ್ಟೀವೆಂಟನ್' ಎಂಬ ಹೆಸರಿದೆ. 'ಪ್ರೈಡ್ ಅಂಡ್ ಪ್ರೆಜುಡಿಸ್' ಎಂಬ ಜೋಡಿಪದವೂ ಬರ್ನಿಯ 'ಸಿಸಿಲಿಯಾ' ಕಾದಂಬರಿಯ ಕೊನೆಯಲ್ಲಿ ದಪ್ಪಕ್ಷರಗಳಲ್ಲಿ ಬರುತ್ತದೆ. ಹಿಂದಿನವರನ್ನು ಚೆನ್ನಾಗಿ ಓದಿಕೊಂಡು ಮುಂದೆ ಹೋದವಳು ಆಸ್ಟಿನ್.

ಆಕೆಯ ಮಾತುಗಳು ಸ್ಟೇಟಸ್‌ಗಳಲ್ಲಿ, ಕಪ್ಪುಗಳ ಮೇಲೆ ಕಾಣುತ್ತವೆ. ಅವನ್ನು ಆಕೆಯ ಅಭಿಪ್ರಾಯ ಎಂದು ತೆಗೆದುಕೊಳ್ಳಬಹುದೇ?

ಎಡವುವುದು ಇಲ್ಲೇ. ಕಾದಂಬರಿಯಲ್ಲಿರುವ ಜಾಣಮಾತನ್ನು ಹೆಚ್ಚಾಗಿ ಆಡುವುದು ಯಾವುದೋ ಒಂದು ಪಾತ್ರ. ಆ ಪಾತ್ರ ಎಂಥದ್ದು ಎಂದು ಗೊತ್ತಾಗುವವರೆಗೆ ಮಾತಿನ ಬೆಲೆ ಗೊತ್ತಾಗುವುದಿಲ್ಲ.

2017ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಆಸ್ಟಿನ್ ಚಿತ್ರವಿರುವ ಹತ್ತು ಪೌಂಡಿನ ನೋಟು ತಂದಿತು. ಚಿತ್ರದ ಕೆಳಗೆ ಆರಿಸಿದ ಸಾಲು: 'ಏನೇ ಹೇಳಿ, ಓದಿನಷ್ಟು ಸುಖ ಬೇರೆ ಇಲ್ಲ!' ನೋಟಿಗೆ ತಕ್ಕ ಮಾತು ಎನಿಸುತ್ತದೆ. 'ಪ್ರೈಡ್ ಅಂಡ್ ಪ್ರೆಜುಡಿಸ್'ನ 11ನೇ ಅಧ್ಯಾಯ ತೆರೆದು ನೋಡಿ. ಮಾತು ಕ್ಯಾರೊಲಿನ್ ಬಿಂಗ್ಲಿಯದು, ಕಥಾನಾಯಕ ಡಾರ್ಸಿಯ ಮೇಲೆ ಕಣ್ಣಿಟ್ಟವಳು. ಡಾರ್ಸಿ ಒಂದು ಪುಸ್ತಕ ಓದುತ್ತಿದ್ದಾನೆ. ಅದರ ಎರಡನೇ ಸಂಪುಟ ಎಂಬ ಒಂದೇ ಕಾರಣಕ್ಕೆ ಈಕೆಯೂ ಒಂದನ್ನು ಕೈಗೆತ್ತಿಕೊಂಡಿದ್ದಾಳೆ. ಓದಲಾಗದೆ ಸುಸ್ತಾಗಿ, ದೊಡ್ಡದಾಗಿ ಆಕಳಿಸಿ, ಈ ಮಾತು ಹೇಳುತ್ತಾಳೆ. ಸ್ವಂತ ಮನೆಯಾದಾಗ ಒಳ್ಳೆಯ ಗ್ರಂಥಾಲಯ ಇಲ್ಲದಿದ್ದರೆ ತನಗೆ ಬಾಳೇ ಬೇಡ ಎಂಬರ್ಥದ ಮಾತನ್ನೂ ಸೇರಿಸುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಮತ್ತೆ ಆಕಳಿಸಿ, ಪುಸ್ತಕ ಪಕ್ಕಕ್ಕೆ ಎಸೆದು, ಬೇರೆ ಏನು ಮಜಾ ಸಿಗುತ್ತದೆ ಎಂದು ಕೋಣೆಯ ಸುತ್ತ ಕಣ್ಣಾಡಿಸುತ್ತಾಳೆ.

ಹೀಗೆ ದಾರಿ ತಪ್ಪಿದ ಇನ್ನೊಂದು ಮಾತು: 'ಸುಖಕ್ಕೆ ದೊಡ್ಡ ಆದಾಯಕ್ಕಿಂತ ಒಳ್ಳೆಯ ಮದ್ದು ನಾನು ಕೇಳಿಲ್ಲ.' ಇದು 'ಮ್ಯಾನ್ಸ್‌ಫೀಲ್ಡ್ ಪಾರ್ಕ್'ನ ಮೇರಿ ಕ್ರಾಫರ್ಡ್ ಮಾತು. ಆ ಕಾದಂಬರಿಯಲ್ಲಿ ಅತಿ ಚುರುಕು ನಾಲಗೆ ಅವಳದೇ, ಕೊನೆಗೆ ನೈತಿಕವಾಗಿ ಸೋಲುವವಳೂ ಅವಳೇ.

'ಮದುವೆಯಲ್ಲಿ ಸುಖ ಸಿಗುವುದು ಪೂರ್ತಿ ಅದೃಷ್ಟದ ಮಾತು' ಎಂಬುದು 'ಪ್ರೈಡ್ ಅಂಡ್ ಪ್ರೆಜುಡಿಸ್'ನ ಶಾರ್ಲೆಟ್ ಲೂಕಸ್ ಆಡುವ ಮಾತು. ಗೆಳತಿಯಾದ ನಾಯಕಿ ಎಲಿಜಬೆತ್ ಬೆನೆಟ್ ನಕ್ಕು, ನೀನಂತೂ ಹಾಗೆ ನಡೆದುಕೊಳ್ಳುವವಳಲ್ಲ ಎನ್ನುತ್ತಾಳೆ. ಹದಿನೈದಿಪ್ಪತ್ತು ಅಧ್ಯಾಯ ಕಳೆಯುವುದರೊಳಗೆ ಶಾರ್ಲೆಟ್, ಪ್ರೀತಿಯಿಲ್ಲದ ಮದುವೆಗೆ ಒಪ್ಪಿ, ಹಾಗೆಯೇ ನಡೆದುಕೊಳ್ಳುತ್ತಾಳೆ. ಗೆಳತಿಯನ್ನು ಎಲಿಜಬೆತ್ ಸರಿಯಾಗಿ ಓದಿಕೊಂಡಿರಲಿಲ್ಲ ಎಂಬ ಸುಳಿವು ಆ ನಗುವಿನಲ್ಲೇ ಇತ್ತು.

ಆಕೆ ಬರೆಯದೇ ಇದ್ದರೂ ಆಕೆಯ ಹೆಸರಲ್ಲಿ ಓಡಾಡುವ ಮಾತುಗಳು ಯಾವುವು?

ಹೆಚ್ಚಿನವು ಸಿನಿಮಾ, ಟಿ.ವಿ. ಸಂಭಾಷಣೆಗಳು. 'ನನ್ನ ದೇಹ ಆತ್ಮ ಎರಡನ್ನೂ ಮೋಡಿ ಮಾಡಿಬಿಟ್ಟೆ' ಎಂದು ಡಾರ್ಸಿ ಹೇಳುವುದು 2005ರ ಸಿನಿಮಾದಲ್ಲಿ; ಪುಸ್ತಕದ ಡಾರ್ಸಿ ಹಾಗೆ ಮಾತಾಡುವ ಆಸಾಮಿಯಲ್ಲ. 'ನಮ್ಮ ಕುಂದುಗಳೇ ನಮ್ಮನ್ನು ಒಬ್ಬರಿಗೊಬ್ಬರು ಹೊಂದುವಂತೆ ಮಾಡಿವೆಯೇನೋ' ಎಂಬ ಧಾಟಿಯದು 1996ರ 'ಎಮ್ಮಾ' ಸಿನಿಮಾದ ಮಾತು. 'ನಾವು ಏನು ಹೇಳುತ್ತೇವೆ ಎಂಬುದಲ್ಲ, ಏನು ಮಾಡುತ್ತೇವೆ ಎಂಬುದೇ ಮುಖ್ಯ' ಎಂಬ ಉಪದೇಶ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಯ 2008ರ ಟಿ.ವಿ. ಧಾರಾವಾಹಿಯದು.

ಒಂದು ಒರಟು ಗುರುತು ಹೇಳಬಹುದು: ಮಾತು ನೇರವಾಗಿ ಎದೆ ತಟ್ಟುವ ಹಾಗಿದ್ದು, ಒಂದಿಷ್ಟೂ ಕೊಂಕಿಲ್ಲದಿದ್ದರೆ ಅನುಮಾನಪಡಿ.

ಒಂದು ಉಕ್ತಿಯನ್ನು ಪರಿಶೀಲಿಸುವ ಕ್ರಮ ಏನು?

ಆರೂ ಕಾದಂಬರಿಗಳು ಹಕ್ಕುಸ್ವಾಮ್ಯದಿಂದ ಹೊರಗಿವೆ; ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಪೂರ್ತಿ ಪಠ್ಯ ಪುಕ್ಕಟೆ ಸಿಗುತ್ತದೆ. ಉಕ್ತಿಯಲ್ಲಿರುವ ಮೂರೋ ನಾಲ್ಕೋ ಪದಗಳ ಒಂದು ತುಣುಕನ್ನು ಹುಡುಕಿ. ಪೂರ್ತಿ ಸಾಲು ಹಾಕಿದರೆ ಒಂದು ಅಲ್ಪವಿರಾಮ ಬೇರೆ ಕಡೆ ಇದ್ದರೂ ಸಿಗುವುದಿಲ್ಲ. ಕಾಗುಣಿತವೂ ಕೈಕೊಡುತ್ತದೆ, ಹಳೆಯ ಮುದ್ರಣಗಳಲ್ಲಿ ಅದು ಇಂದಿನ ಹಾಗಿಲ್ಲ.

ಸಾಲು ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಬೇಡಿ. ಉದ್ಧರಣ ಚಿಹ್ನೆಯ ಒಳಗಿದೆಯೇ ನೋಡಿ; ಇದ್ದರೆ ಯಾರ ಮಾತು, ಯಾರಿಗೆ, ಯಾಕೆ ಎಂದು ಹಿಂದಿನ ಎರಡು ಪುಟ ಓದಿ. ಆಮೇಲೆ ಕಥೆ ಆ ಮಾತನ್ನು ಸರಿ ಎಂದು ತೋರಿಸಿತೋ ಸುಳ್ಳು ಮಾಡಿತೋ ನೋಡಿ. ಕಾದಂಬರಿಗಳಲ್ಲಿ ಸಿಗದಿದ್ದರೆ ಪತ್ರಗಳಲ್ಲಿ ಹುಡುಕಿ. ಅಲ್ಲೂ ಇಲ್ಲವೆಂದರೆ ಹಂಚಬೇಡಿ.

ಅಧ್ಯಾಯದ ಸಂಖ್ಯೆಯಲ್ಲಿ ಒಂದು ಗೊಂದಲ ಬರುತ್ತದೆ. 'ಪ್ರೈಡ್ ಅಂಡ್ ಪ್ರೆಜುಡಿಸ್' ಮೂರು ಸಂಪುಟಗಳಾಗಿ ಬಂದಿತ್ತು, ಕ್ರಮವಾಗಿ 23, 19, 19 ಅಧ್ಯಾಯ. ಕೆಲವು ಆವೃತ್ತಿಗಳಲ್ಲಿ ಪ್ರತಿ ಸಂಪುಟಕ್ಕೂ ಎಣಿಕೆ ಒಂದರಿಂದ ಶುರುವಾಗುತ್ತದೆ. ಕೆಲವದರಲ್ಲಿ 61ರವರೆಗೆ ಒಂದೇ ಸಮ. ಹಾಗಾಗಿ ಎರಡನೇ ಸಂಪುಟದ 1ನೇ ಅಧ್ಯಾಯ ಎಂದರೆ 24ನೆಯದು. ಈ ಪುಟದಲ್ಲಿರುವುದು ಒಂದೇ ಸಮನಾದ ಎಣಿಕೆ.

'ಆಸ್ತಿವಂತ ಬ್ರಹ್ಮಚಾರಿಗೆ ಹೆಂಡತಿ ಬೇಕೇ ಬೇಕು ಎಂಬುದು ಜಗತ್ತೇ ಒಪ್ಪಿದ ಸತ್ಯ.' ಇದರಲ್ಲಿ ನಗುವಂಥದ್ದು ಏನಿದೆ?

ಜಗತ್ತು ಹಾಗೆ ಒಪ್ಪಿಲ್ಲ. ಒಪ್ಪಿರುವುದು ಹೆಣ್ಣುಮಕ್ಕಳನ್ನು ಹೆತ್ತ ಅಕ್ಕಪಕ್ಕದ ಮನೆಯವರು. ಅದನ್ನು ಮುಂದಿನ ವಾಕ್ಯವೇ ಬಿಟ್ಟುಕೊಡುತ್ತದೆ: ಅಂಥವನು ಊರಿಗೆ ಬಂದರೆ ಅವನ ಮನಸ್ಸಿನಲ್ಲಿ ಏನಿದೆಯೋ ಯಾರಿಗೂ ಗೊತ್ತಿಲ್ಲದಿದ್ದರೂ, ನೆರೆಹೊರೆಯವರು ಅವನನ್ನು ತಮ್ಮ ಮಗಳೊಬ್ಬಳ ಸ್ವತ್ತು ಎಂದೇ ಎಣಿಸುತ್ತಾರೆ. ಅಗತ್ಯ ಇರುವುದು ಅವನಿಗಲ್ಲ, ವರದಕ್ಷಿಣೆಗೆ ಹಣವಿಲ್ಲದ ಹುಡುಗಿಯರಿಗೆ. ತತ್ತ್ವಶಾಸ್ತ್ರದ ಗ್ರಂಥದ ಹಾಗೆ ಶುರುವಾದ ವಾಕ್ಯ ಮದುವೆ ಮಾತುಕತೆಯಲ್ಲಿ ಬಂದು ಇಳಿಯುತ್ತದೆ.

ಪುಟಪುಟಕ್ಕೂ ಪೌಂಡಿನ ಲೆಕ್ಕ ಯಾಕೆ? ಬಿಟ್ಟು ಓದಬಹುದೇ?

ಬಿಡಬೇಡಿ, ಅರ್ಧ ಹಾಸ್ಯ ಹೋಗುತ್ತದೆ. ಸರಳ ಲೆಕ್ಕವೊಂದು ಸಾಕು: ಗಂಟಿನ ಹಣ ಹೇಳಿದರೆ ಅದರ ಶೇಕಡಾ 4ರಿಂದ 5ರಷ್ಟು ವರ್ಷದ ಆದಾಯ. ಸರ್ಕಾರಿ ಸಾಲಪತ್ರಗಳು ಕೊಡುತ್ತಿದ್ದದ್ದು ಹೆಚ್ಚುಕಡಿಮೆ ಅಷ್ಟು.

ಬೆನೆಟ್ ಮನೆಯ ಜಮೀನಿನಿಂದ ವರ್ಷಕ್ಕೆ 2,000 ಪೌಂಡ್ ಬರುತ್ತದೆ. ಆದರೆ ಆಸ್ತಿ ಗಂಡಸರಿಗೇ ಹೋಗಬೇಕೆಂಬ ಕಟ್ಟು ಇದೆ. ಐವರು ಹೆಣ್ಣುಮಕ್ಕಳ ತಂದೆ ತೀರಿಕೊಂಡ ದಿನ ಮನೆ ದೂರದ ನೆಂಟ ಕಾಲಿನ್ಸ್ ಪಾಲು. ಎಲಿಜಬೆತ್‌ಗೆ ತಾಯಿ ಹೋದ ಮೇಲೆ ಸಿಗುವುದು ಶೇಕಡಾ 4ರ ಬಡ್ಡಿಯ 1,000 ಪೌಂಡ್, ಅಂದರೆ ವರ್ಷಕ್ಕೆ 40. ಡಾರ್ಸಿಯ ಆದಾಯ ವರ್ಷಕ್ಕೆ 10,000. ಈಗ 19ನೇ ಅಧ್ಯಾಯ ಓದಿ. ಕಾಲಿನ್ಸ್ ಮದುವೆಯ ಪ್ರಸ್ತಾಪ ಮಾಡುತ್ತಾ ಕಾರಣಗಳನ್ನು ಒಂದೊಂದಾಗಿ ಎಣಿಸುತ್ತಾನೆ: ಪಾದ್ರಿಯಾದವನು ಊರಿಗೆ ಮಾದರಿಯಾಗಬೇಕು, ತನ್ನ ಸುಖ ಹೆಚ್ಚುತ್ತದೆ, ಒಡತಿ ಲೇಡಿ ಕ್ಯಾಥರಿನ್ ಹೇಳಿದ್ದಾಳೆ. ಇಷ್ಟಾದ ಮೇಲೆ, ತನ್ನ ಪ್ರೇಮದ ತೀವ್ರತೆಯನ್ನು ಆವೇಶದ ಭಾಷೆಯಲ್ಲಿ ತಿಳಿಸುವುದೊಂದೇ ಬಾಕಿ ಎನ್ನುತ್ತಾನೆ. ಜೊತೆಗೆ ಆ 1,000 ಪೌಂಡಿನ ವಿಷಯ ಎತ್ತಿ, ಮದುವೆಯಾದ ಮೇಲೆ ಹಂಗಿಸುವುದಿಲ್ಲ ಎಂದು ಭರವಸೆ ಬೇರೆ. ನಗು ಬರುತ್ತದೆ, ಆದರೆ ಅವನ ಲೆಕ್ಕ ತಪ್ಪಲ್ಲ. ಅದಕ್ಕೇ 27 ವರ್ಷದ ಶಾರ್ಲೆಟ್ ಅವನನ್ನು ಒಪ್ಪಿಕೊಳ್ಳುತ್ತಾಳೆ.

ಆಸ್ಟಿನ್‌ಗೂ ಲೆಕ್ಕ ಗೊತ್ತಿತ್ತು. 'ಪ್ರೈಡ್ ಅಂಡ್ ಪ್ರೆಜುಡಿಸ್'ನ ಹಕ್ಕಿಗೆ 150 ಪೌಂಡ್ ಬೇಕೆಂದಿದ್ದಳು, ಪ್ರಕಾಶಕ ಎಜರ್ಟನ್ ಕೊಟ್ಟದ್ದು 110. ಸಾಯುವ ಕೆಲವೇ ತಿಂಗಳ ಮುಂಚೆ ಬರೆದ ಪತ್ರದಲ್ಲಿ, ಮದುವೆಯಾಗದ ಹೆಂಗಸರಿಗೆ ಬಡವರಾಗುವ ಭಯಂಕರ ಚಾಳಿ ಇರುತ್ತದೆ ಎಂದಿದ್ದಾಳೆ.

ಆಕೆಯ ವ್ಯಂಗ್ಯ ಕೆಲಸ ಮಾಡುವುದನ್ನು ಒಂದೇ ಕಡೆ ನೋಡಬೇಕೆಂದರೆ?

'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಯ 2ನೇ ಅಧ್ಯಾಯ. ಕೆಲವೇ ಪುಟ, ಬಹುಪಾಲು ಗಂಡಹೆಂಡಿರ ಮಾತುಕತೆ.

ಸಾಯುವ ತಂದೆಗೆ ಜಾನ್ ಡ್ಯಾಶ್‌ವುಡ್ ಮಾತು ಕೊಟ್ಟಿದ್ದಾನೆ: ಮಲತಾಯಿಯನ್ನೂ ಮೂವರು ಮಲತಂಗಿಯರನ್ನೂ ನೋಡಿಕೊಳ್ಳುತ್ತೇನೆ ಎಂದು. ತಲಾ 1,000 ಪೌಂಡ್, ಒಟ್ಟು 3,000 ಕೊಡುವುದೆಂದು ಮನಸ್ಸಲ್ಲೇ ಇಟ್ಟುಕೊಂಡಿದ್ದಾನೆ. ಹೆಂಡತಿ ಫ್ಯಾನಿ, ನಮ್ಮ ಒಬ್ಬನೇ ಮಗನ ಬಾಯಿಂದ ಕಿತ್ತು ಕೊಡುತ್ತೀರಾ ಎಂದು ಶುರುಮಾಡುತ್ತಾಳೆ. ಸರಿ, ತಲಾ 500 ಎನ್ನುತ್ತಾನೆ. ಅದೂ ಹೆಚ್ಚಾಯಿತು, ಬದಲಿಗೆ ತಾಯಿಗೆ ಬದುಕಿರುವವರೆಗೆ ವರ್ಷಕ್ಕೆ 100 ಕೊಟ್ಟರೆ ಹೇಗೆ? ಬೇಡವೇ ಬೇಡ, ವರ್ಷಾಶನ ಗೊತ್ತುಮಾಡಿದರೆ ಜನ ಸಾಯುವುದೇ ಇಲ್ಲ ಎನ್ನುತ್ತಾಳೆ ಫ್ಯಾನಿ. ಹಾಗಾದರೆ ಆಗೊಮ್ಮೆ ಈಗೊಮ್ಮೆ 50 ಪೌಂಡ್. ಅದೂ ಯಾಕೆ? ಮಾವನವರ ಮನಸ್ಸಿನಲ್ಲಿ ಹಣದ ವಿಚಾರ ಇರಲೇ ಇಲ್ಲ. ಮನೆ ಹುಡುಕಿಕೊಡುವುದು, ಸಾಮಾನು ಸಾಗಿಸುವುದು, ಕಾಲಕಾಲಕ್ಕೆ ಮೀನು, ಬೇಟೆಯ ಮಾಂಸ ಕಳಿಸುವುದು, ಅಷ್ಟೇ. ಕೊನೆಗೆ ಆ ವಿಧವೆಯ ಚೀನಿ ಪಿಂಗಾಣಿ ತಮ್ಮದಕ್ಕಿಂತ ಚೆನ್ನಾಗಿದೆ ಎಂದು ಫ್ಯಾನಿ ಕೊರಗುತ್ತಾಳೆ.

ಗಮನಿಸಬೇಕಾದ್ದು: ಇಬ್ಬರಲ್ಲಿ ಯಾರೂ ಒಂದು ಕೆಟ್ಟ ಮಾತಾಡಿಲ್ಲ. ಪ್ರತಿ ಇಳಿಕೆಗೂ ಒಂದು ಸಭ್ಯ ಕಾರಣವಿದೆ. ಲೇಖಕಿ 'ಇವರು ಜಿಪುಣರು' ಎಂದು ಎಲ್ಲೂ ಹೇಳುವುದಿಲ್ಲ. ಅಂಕಿಗಳನ್ನು ಸಾಲಾಗಿ ಇಟ್ಟು ಸುಮ್ಮನಾಗುತ್ತಾಳೆ. ಜಾನ್ ಅಂತೂ ತಾನು ಧರ್ಮವನ್ನೇ ಮಾಡುತ್ತಿದ್ದೇನೆಂಬ ತೃಪ್ತಿಯಿಂದ ಏಳುತ್ತಾನೆ. ಈ ಅಧ್ಯಾಯವನ್ನು ಇಬ್ಬರು ಗಟ್ಟಿಯಾಗಿ ಓದಿ, ಒಬ್ಬರು ಗಂಡ, ಒಬ್ಬರು ಹೆಂಡತಿ. ಆಸ್ತಿ ಪಾಲಿನ ಮಾತು ಕಿವಿಗೆ ಬಿದ್ದಿರುವ ಯಾವ ಮನೆಯವರಿಗೂ ಟಿಪ್ಪಣಿ ಬೇಕಾಗುವುದಿಲ್ಲ.

ನಿರೂಪಣೆ ಓದುವಾಗ ಇದು ಲೇಖಕಿಯ ಮಾತೋ ಪಾತ್ರದ ಯೋಚನೆಯೋ ಗೊತ್ತಾಗುವುದಿಲ್ಲ. ಏನು ಮಾಡಬೇಕು?

ಗೊತ್ತಾಗದ ಹಾಗೆಯೇ ಬರೆದದ್ದು, ಅದೇ ಆಕೆಯ ಕೈಚಳಕ. 'ಎಮ್ಮಾ' 3ನೇ ಅಧ್ಯಾಯದಲ್ಲಿ ಹ್ಯಾರಿಯೆಟ್ ಎಂಬ ಹುಡುಗಿಯ ಪರಿಚಯವಾಗುತ್ತದೆ. ಅಲ್ಲಿ ಬರುವುದು ಹೀಗೆ: ಅವಳನ್ನು ತಾನು ತಿದ್ದುವಳು, ಕೆಟ್ಟ ಸಹವಾಸ ಬಿಡಿಸುವಳು, ಒಳ್ಳೆಯವರ ನಡುವೆ ತರುವಳು, ಅದು ಬಹಳ ಸ್ವಾರಸ್ಯದ, ಖಂಡಿತಾ ತುಂಬ ದಯೆಯ ಕೆಲಸ. 'ಎಂದು ಎಮ್ಮಾ ಅಂದುಕೊಂಡಳು' ಎಂಬ ಬಾಲ ಇಲ್ಲ. ಆ 'ಖಂಡಿತಾ' ಎಮ್ಮಾಳದು, ಲೇಖಕಿಯದಲ್ಲ. ಮೊದಲ ಸಲ ಓದುವಾಗ ನಾವೂ ತಲೆಯಾಡಿಸಿಬಿಡುತ್ತೇವೆ. ಎಮ್ಮಾ ಮೋಸಹೋದಾಗ ನಾವೂ ಮೋಸಹೋಗುತ್ತೇವೆ.

ಗುರುತು ಹಿಡಿಯಲು ಅತಿಖಚಿತ ಪದಗಳ ಮೇಲೆ ಕಣ್ಣಿಡಿ: 'ಖಂಡಿತ', 'ಅನುಮಾನವೇ ಇಲ್ಲ', 'ಎಂದೆಂದಿಗೂ'. ನಿರೂಪಣೆಯಲ್ಲಿ ಇಂಥದ್ದು ಬಂದರೆ ಯಾವುದೋ ಪಾತ್ರ ಒಳಗೆ ನುಗ್ಗಿದೆ ಎಂದುಕೊಳ್ಳಿ. ಲೇಖಕಿಯೇ ಮಾತಾಡುವಾಗ ವಾಕ್ಯ ತಣ್ಣಗಿರುತ್ತದೆ. 16ನೇ ಅಧ್ಯಾಯ ಶುರುವಾಗುವುದು ಹೀಗೆ: ಕೂದಲು ಸುರುಳಿ ಸುತ್ತಿದ್ದಾಯಿತು, ಕೆಲಸದವಳನ್ನು ಕಳಿಸಿದ್ದಾಯಿತು, ಎಮ್ಮಾ ಯೋಚಿಸಲು ಮತ್ತು ದುಃಖಪಡಲು ಕುಳಿತಳು. ದುಃಖವೂ ಸರದಿಯಲ್ಲಿ ಕಾದಿದೆ, ಕೂದಲಿನ ನಂತರ.

ಚುರುಕು ಮಾತಾಡುವವರೆಲ್ಲ ಆಕೆಯ ಲೆಕ್ಕದಲ್ಲಿ ಜಾಣರೇ?

ಇಲ್ಲ, ಎಷ್ಟೋ ಸಲ ತದ್ವಿರುದ್ಧ. ಬೆನೆಟ್ ಸಾಹೇಬನಷ್ಟು ನಗಿಸುವವರು ಇಲ್ಲ. ಆದರೆ ಅವನು ಹಣ ಉಳಿಸಲಿಲ್ಲ, ಕಿರಿಮಗಳನ್ನು ತಡೆಯಲಿಲ್ಲ, ನಗುತ್ತಾ ಕುಳಿತ. ಎಲಿಜಬೆತ್ ತನ್ನ ಚುರುಕುತನವನ್ನೇ ನಂಬಿ ಸೇನಾಧಿಕಾರಿ ವಿಕಮ್‌ನ ಸುಳ್ಳನ್ನು ನುಂಗಿದಳು.

'ಎಮ್ಮಾ'ದ 43ನೇ ಅಧ್ಯಾಯ, ಬಾಕ್ಸ್ ಹಿಲ್ ಪಿಕ್ನಿಕ್, ಇದನ್ನು ಕಠಿಣವಾಗಿ ತೋರಿಸುತ್ತದೆ. ಎಲ್ಲರೂ ಒಂದು ಜಾಣಮಾತು, ಇಲ್ಲವೇ ಎರಡು ಸಾಧಾರಣ, ಇಲ್ಲವೇ ಮೂರು ಪೆದ್ದು ಮಾತು ಹೇಳಬೇಕೆಂಬ ಆಟ. ಬಡತನಕ್ಕೆ ಇಳಿದ, ಬಾಯಿಬಡುಕಿ, ಒಳ್ಳೆಯ ಮನಸ್ಸಿನ ಮಿಸ್ ಬೇಟ್ಸ್, ನಾನು ಬಾಯಿಬಿಟ್ಟರೆ ಮೂರು ಪೆದ್ದು ಮಾತು ತಾನಾಗಿ ಬರುತ್ತವೆ ಎಂದು ತನ್ನನ್ನೇ ನಗೆಗೀಡು ಮಾಡಿಕೊಳ್ಳುತ್ತಾಳೆ. ಎಮ್ಮಾಗೆ ನಾಲಗೆ ತಡೆಯದು: ಕಷ್ಟವಿದೆ ಮೇಡಂ, ಒಂದು ಸಲಕ್ಕೆ ಮೂರೇ ಎಂಬ ಮಿತಿ ಇದೆಯಲ್ಲ. ಮಿಸ್ ಬೇಟ್ಸ್‌ಗೆ ಅರ್ಥವಾಗಲು ಒಂದು ಕ್ಷಣ ಹಿಡಿಯುತ್ತದೆ. ಅರ್ಥವಾದಾಗ ಸಿಟ್ಟಾಗುವುದಿಲ್ಲ, ಮುಖ ಸ್ವಲ್ಪ ಕೆಂಪಾಗುತ್ತದೆ. ಆಮೇಲೆ ಕುಟುಂಬದ ಹಳೆಯ ಸ್ನೇಹಿತ ನೈಟ್ಲಿ ಎಮ್ಮಾಗೆ ಹೇಳುತ್ತಾನೆ: ಅವಳು ನಿನ್ನಷ್ಟೇ ಸ್ಥಿತಿವಂತಳಾಗಿದ್ದರೆ ನಾನು ಮಾತಾಡುತ್ತಿರಲಿಲ್ಲ, ಅವಳು ಬಡವಿ. ನೀನು ಮಾಡಿದ್ದು ಕೆಟ್ಟದ್ದು. ಎಮ್ಮಾ ಗಾಡಿಯಲ್ಲಿ ದಾರಿಯುದ್ದಕ್ಕೂ ಅಳುತ್ತಾಳೆ. ಪುಸ್ತಕದ ಅತ್ಯಂತ ಚೂಪಾದ ಮಾತೇ ಅತ್ಯಂತ ದೊಡ್ಡ ತಪ್ಪು. ಆಸ್ಟಿನ್‌ಳನ್ನು ಬರೀ ಚುಚ್ಚುಮಾತಿನವಳು ಎನ್ನುವವರು ಈ ಅಧ್ಯಾಯವನ್ನು ಬಿಟ್ಟು ಓದಿರಬೇಕು.

ಹಾಗಾದರೆ ಆಕೆಯ ಸ್ವಂತ ದನಿ ಎಲ್ಲಿ ಸಿಗುತ್ತದೆ?

ಪತ್ರಗಳಲ್ಲಿ. ಸುಮಾರು 160 ಉಳಿದಿವೆ, ಹೆಚ್ಚಿನವು ಅಕ್ಕನಿಗೆ ಬರೆದವು. ಅಕ್ಕನೇ ಬಹಳಷ್ಟನ್ನು ಸುಟ್ಟಳು. ಉಳಿದವೇ ಹೀಗಿವೆ: 'ಜನ ತೀರಾ ಒಳ್ಳೆಯವರಾಗಿರುವುದು ನನಗೆ ಬೇಡ, ಅವರನ್ನು ತುಂಬ ಇಷ್ಟಪಡುವ ತೊಂದರೆ ತಪ್ಪುತ್ತದೆ' (1798). 'ದೋಷವೇ ಇಲ್ಲದ ಪಾತ್ರಗಳನ್ನು ಕಂಡರೆ ನನಗೆ ವಾಕರಿಕೆ, ಕಿಡಿಗೇಡಿತನ ಎರಡೂ ಬರುತ್ತವೆ' (1817). ಕಾದಂಬರಿ ಬರೆಯಲು ಹೊರಟ ಅಣ್ಣನ ಮಗಳಿಗೆ ಕೊಟ್ಟ ಸಲಹೆ: ಹಳ್ಳಿಯೊಂದರ ಮೂರು ನಾಲ್ಕು ಮನೆಗಳು, ಕೆಲಸಕ್ಕೆ ಅಷ್ಟು ಸಾಕು. ಇದೇ ಪತ್ರಗಳಲ್ಲಿ, ಸತ್ತ ಮಗುವನ್ನು ಹೆತ್ತ ನೆರೆಯವಳ ಬಗ್ಗೆ, ಗಂಡನ ಮುಖ ಆಕಸ್ಮಾತ್ ನೋಡಿ ಹೆದರಿರಬೇಕು ಎಂಬ ಕ್ರೂರ ತಮಾಷೆಯೂ ಇದೆ. ಅದನ್ನು ಮುಚ್ಚಿಡಬೇಕಾಗಿಲ್ಲ, ಮೆಚ್ಚಬೇಕಾಗಿಯೂ ಇಲ್ಲ.

ರಾಜಕುಮಾರನಿಗೆ ಪುಸ್ತಕ ಅರ್ಪಿಸಿದ್ದು ನಿಜವೇ?

ನಿಜ, ಮನಸ್ಸಿಲ್ಲದೆ. ಆಗಿನ ಪ್ರಿನ್ಸ್ ರೀಜೆಂಟ್ (ರಾಜನ ಪರವಾಗಿ ಆಳುತ್ತಿದ್ದ ಯುವರಾಜ) ಹೆಂಡತಿಯನ್ನು ನಡೆಸಿಕೊಂಡ ರೀತಿಗೆ ಅವನನ್ನು ದ್ವೇಷಿಸುತ್ತೇನೆ ಎಂದು 1813ರಲ್ಲಿ ಬರೆದಿದ್ದಳು. ಅವನ ಗ್ರಂಥಪಾಲಕ ಕ್ಲಾರ್ಕ್, ಮುಂದಿನ ಕಾದಂಬರಿ ಅರ್ಪಿಸಲು 'ಅನುಮತಿ ಇದೆ' ಎಂದ. ಅಂಥ ಅನುಮತಿಯನ್ನು ಬೇಡವೆನ್ನುವುದು ಕಷ್ಟ. 'ಎಮ್ಮಾ'ದ ಅರ್ಪಣೆಯ ಒಂದೇ ವಾಕ್ಯದಲ್ಲಿ 'ಹಿಸ್ ರಾಯಲ್ ಹೈನೆಸ್' ಮೂರು ಸಲ ಬರುತ್ತದೆ.

ಅದೇ ಕ್ಲಾರ್ಕ್ ಆಮೇಲೆ ಸ್ಯಾಕ್ಸ್-ಕೋಬರ್ಗ್ ರಾಜಮನೆತನದ ಮೇಲೆ ಐತಿಹಾಸಿಕ ಪ್ರಣಯಕಥೆ ಬರೆಯಿರಿ ಎಂದ. ಪ್ರಾಣ ಉಳಿಸಿಕೊಳ್ಳಲಿಕ್ಕೆ ಹೊರತು ಬೇರೆ ಯಾವ ಕಾರಣಕ್ಕೂ ಅಂಥದ್ದನ್ನು ಗಂಭೀರವಾಗಿ ಕುಳಿತು ಬರೆಯಲಾರೆ ಎಂದು ವಿನಯದಿಂದಲೇ ಉತ್ತರಿಸಿದಳು. ಇಂಥ ಸಲಹೆಗಳನ್ನೆಲ್ಲ ಕೂಡಿಸಿ, ಯಾರು ಯಾವ ಸಲಹೆ ಕೊಟ್ಟರೆಂದು ಅಂಚಿನಲ್ಲಿ ಗುರುತಿಸಿ, ಒಂದು ಅಣಕು ಕಥಾಸಾರವನ್ನೂ ಬರೆದಿಟ್ಟಳು.

ಭಾರತದ ನಂಟು ಏನಾದರೂ ಇದೆಯೇ?

ಇದೆ. ತಂದೆಯ ಅಕ್ಕ ಫಿಲಡೆಲ್ಫಿಯಾ 1752ರಲ್ಲಿ ಹಡಗು ಹತ್ತಿ ಮದ್ರಾಸಿಗೆ ಬಂದು, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಹ್ಯಾನ್‌ಕಾಕ್‌ನನ್ನು ಮದುವೆಯಾದಳು. ಕಲ್ಕತ್ತೆಯಲ್ಲಿ ಹುಟ್ಟಿದ ಅವರ ಮಗಳು ಎಲಿಜಾ ಮುಂದೆ ಆಸ್ಟಿನ್‌ಳ ಅಣ್ಣ ಹೆನ್ರಿಯ ಹೆಂಡತಿ. 'ನಾರ್ಥಾಂಗರ್ ಅಬಿ'ಯಲ್ಲಿ ಹೆನ್ರಿ ಟಿಲ್ನಿ, ಅಪ್ಪಟ ಇಂಡಿಯಾ ಮಸ್ಲಿನ್ ಬಟ್ಟೆಯನ್ನು ಗಜಕ್ಕೆ 5 ಶಿಲ್ಲಿಂಗ್‌ನಂತೆ ತಂದೆ ಎಂದು ಬೀಗುತ್ತಾನೆ. 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಯಲ್ಲಿ, ಇಂಡಿಯಾದಲ್ಲಿದ್ದು ಬಂದ ಕರ್ನಲ್ ಬ್ರ್ಯಾಂಡನ್‌ಗೆ ತಿಳಿದಿರುವುದು ನವಾಬರು, ಮೊಹರು, ಪಲ್ಲಕ್ಕಿ ಅಷ್ಟೇ ಇರಬೇಕು ಎಂದು ವಿಲ್ಲೋಬಿ ಗೇಲಿ ಮಾಡುತ್ತಾನೆ. ಸಿನಿಮಾದವರೂ ಬಿಟ್ಟಿಲ್ಲ: 2000ದ ತಮಿಳು ಚಿತ್ರ 'ಕಂಡುಕೊಂಡೇನ್ ಕಂಡುಕೊಂಡೇನ್' ಹೊರಟಿದ್ದು ಡ್ಯಾಶ್‌ವುಡ್ ಅಕ್ಕತಂಗಿಯರ ಕಥೆಯಿಂದ.

ಯಾವುದರಿಂದ ಓದಲು ಶುರುಮಾಡಬೇಕು?

'ಪ್ರೈಡ್ ಅಂಡ್ ಪ್ರೆಜುಡಿಸ್'. ಅಧ್ಯಾಯಗಳು ಚಿಕ್ಕವು, ದಿನಕ್ಕೆ ಮೂರರಂತೆ ಮೂರು ವಾರದಲ್ಲಿ ಮುಗಿಯುತ್ತದೆ. ಆಮೇಲೆ 24 ಅಧ್ಯಾಯಗಳ 'ಪರ್ಸ್ವೇಶನ್', ನಂತರ 'ಎಮ್ಮಾ'. 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಕೊನೆಗಿರಲಿ. ಅದರಿಂದ ಶುರುಮಾಡಿದವರು ಅರ್ಧಕ್ಕೇ ಬಿಡುವುದು ಹೆಚ್ಚು, ನಾಯಕಿ ಫ್ಯಾನಿ ಪ್ರೈಸ್ ಮಾತಾಡುವುದೇ ಕಡಿಮೆ. 'ನಾರ್ಥಾಂಗರ್ ಅಬಿ' ಭೂತಬಂಗಲೆ ಕಾದಂಬರಿಗಳ ಅಣಕ, ಅಂಥದ್ದೊಂದನ್ನು ಓದಿದ್ದರೆ ರುಚಿ ಹೆಚ್ಚು.

ಹೆಸರುಗಳಲ್ಲಿ ತುಂಬ ಜನ ಸಿಕ್ಕಿಬೀಳುತ್ತಾರೆ. ಬರೀ 'ಮಿಸ್ ಬೆನೆಟ್' ಎಂದರೆ ಹಿರಿಮಗಳು ಜೇನ್. ತಂಗಿಯರಿಗೆ ಹೆಸರು ಸೇರಿಸಿ 'ಮಿಸ್ ಎಲಿಜಬೆತ್' ಎನ್ನುತ್ತಾರೆ. ಹಾಗೆಯೇ 'ಮಿಸ್ ಡ್ಯಾಶ್‌ವುಡ್' ಎಂದರೆ ಎಲಿನರ್. ಇದು ಗೊತ್ತಿಲ್ಲದಿದ್ದರೆ ಯಾರ ಮಾತು ಯಾರ ತಲೆಗೆ ಎಂದು ಪುಟಗಟ್ಟಲೆ ತಿಳಿಯುವುದಿಲ್ಲ.

ಪುರುಸೊತ್ತಿಲ್ಲದವರು ಆಕೆ 15ನೇ ವಯಸ್ಸಿನಲ್ಲಿ ಬರೆದ 'ಇಂಗ್ಲೆಂಡಿನ ಇತಿಹಾಸ' ಓದಲಿ. ಬರೆದವರು 'ಪಕ್ಷಪಾತಿ, ಪೂರ್ವಗ್ರಹಪೀಡಿತ, ಅಜ್ಞಾನಿ ಇತಿಹಾಸಕಾರ' ಎಂದು ಅವಳೇ ಹೇಳಿಕೊಂಡಿದ್ದಾಳೆ. ಇದರಲ್ಲಿ ಇಸವಿಗಳು ತೀರಾ ಕಡಿಮೆ ಎಂಬ ಸೂಚನೆಯೂ ಇದೆ. ಚಿತ್ರಗಳು ಅಕ್ಕನವು.

ಓದಿದೆ, ನಗು ಬರಲಿಲ್ಲ. ನನ್ನಲ್ಲೇ ಏನಾದರೂ ಕೊರತೆಯೇ?

ಏನೂ ಇಲ್ಲ. 'ಜೇನ್ ಐರ್' ಬರೆದ ಶಾರ್ಲೆಟ್ ಬ್ರಾಂಟಿಗೂ ಆಸ್ಟಿನ್ ಹಿಡಿಸಲಿಲ್ಲ. ಬೇಗ ಓದಿದ್ದರೆ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಯ ಆ 2ನೇ ಅಧ್ಯಾಯವನ್ನು ನಿಧಾನವಾಗಿ, ಗಟ್ಟಿಯಾಗಿ ಇನ್ನೊಮ್ಮೆ ಓದಿ ನೋಡಿ. ಆಗಲೂ ಬರದಿದ್ದರೆ ಬಿಟ್ಟುಬಿಡಿ. ಆಸ್ಟಿನ್ ತನ್ನ ಪುಸ್ತಕಗಳ ಬಗ್ಗೆ ಪರಿಚಿತರು ಆಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತಿದ್ದಳು, ಬೈಗುಳವನ್ನೂ. ಅದರಲ್ಲಿ ಮಿಸೆಸ್ ಆಗಸ್ಟಾ ಬ್ರ್ಯಾಮ್‌ಸ್ಟನ್ ಎಂಬಾಕೆಯ ಅಭಿಪ್ರಾಯ ಹೀಗಿದೆ: ಮೊದಲೆರಡು ಕಾದಂಬರಿಗಳು ಶುದ್ಧ ಅಸಂಬದ್ಧ, 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ವಾಸಿ ಇರಬಹುದೆಂದು ಹಿಡಿದಿದ್ದಾಳೆ, ಮೊದಲ ಸಂಪುಟ ಮುಗಿದಿದೆ, ಕಷ್ಟದ ಭಾಗ ದಾಟಿತು ಎಂಬ ಸಮಾಧಾನದಲ್ಲಿದ್ದಾಳೆ.